ಹಿತ್ತಿಲಲ್ಲಿ ಸೊಳ್ಳೆ ಕಡಿಮೆಯಾಗುತ್ತಿಲ್ಲವೇ? ದೋಷ ಪತ್ತೆಹಚ್ಚಿ ಕಡಿಮೆ ಖರ್ಚಿನಲ್ಲಿ ಸರಿಪಡಿಸುವ ಕೈಪಿಡಿ

ಹುಲ್ಲು ಕತ್ತರಿಸಿದ್ದಾಯಿತು, ಕಸ ತೆಗೆದದ್ದಾಯಿತು, ಬೇಲಿಯುದ್ದಕ್ಕೂ ನಿಂಬೆಹುಲ್ಲು ನೆಟ್ಟದ್ದೂ ಆಯಿತು. ಆದರೂ ಸಂಜೆ ಹಿತ್ತಿಲಲ್ಲಿ ಹತ್ತು ನಿಮಿಷ ಕೂರಲಾಗುತ್ತಿಲ್ಲ ಎಂದಾದರೆ ಕಾರಣ ಎರಡರಲ್ಲಿ ಒಂದು. ಎಲ್ಲೋ ಒಂದು ಕಡೆ ನೀರು ವಾರಗಟ್ಟಲೆ ಕದಲದೆ ನಿಂತಿದೆ. ಇಲ್ಲವೇ ಬೇರೆಡೆ ಹುಟ್ಟಿದ ಸೊಳ್ಳೆಗೆ ನಿಮ್ಮ ಹಿತ್ತಿಲು ಹಗಲು ತಂಗುವ ಜಾಗವಾಗಿದೆ. ಮೊದಲನೆಯದಕ್ಕೆ ಗುದ್ದಲಿ, ಮರಳು, ಜಲ್ಲಿ ಬೇಕು. ಎರಡನೆಯದಕ್ಕೆ ಬಹುಪಾಲು ಗಿಡ ಸವರುವ ಕತ್ತರಿಯೇ ಸಾಕು. ಯಾವುದೆಂದು ಗೊತ್ತಾಗುವ ಮೊದಲೇ ಗಿಡ, ಯಂತ್ರ, ಔಷಧಿ ಎಂದು ಕೊಳ್ಳಲು ಹೋಗಬೇಡಿ. ತಪಾಸಣೆಗೆ ಒಂದು ಬೆಳಿಗ್ಗೆ, ಒಂದು ಬಿಳಿ ಮಗ್, ಒಂದು ಟಾರ್ಚ್ ಇದ್ದರೆ ಆಯಿತು.

ಕಚ್ಚುತ್ತಿರುವುದು ಯಾವುದು, ಯಾವ ಹೊತ್ತಿನಲ್ಲಿ?

ಹುಡುಕಾಟ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಕಚ್ಚುವ ಹೊತ್ತು ಹೇಳುತ್ತದೆ.

ಬೆಳಿಗ್ಗೆ ಬಿಸಿಲೇರುವ ಮೊದಲು ಮತ್ತು ಸಂಜೆ ಕತ್ತಲಾಗುವ ಮುಂಚೆ, ಮೊಣಕಾಲಿನ ಕೆಳಗೆ, ಸದ್ದಿಲ್ಲದೆ ಬಂದು ಕಚ್ಚಿ ಹೋಗುವುದು, ಕಾಲಿನ ಮೇಲೆ ಕಪ್ಪು ಬಿಳಿ ಪಟ್ಟೆ ಇರುವುದು ಈಡಿಸ್. ಡೆಂಗಿ ಹರಡುವುದು ಇದೇ. ಕುಂಡದ ತಟ್ಟೆ, ಬಕೆಟ್ಟು, ಟೈರು, ಎಲೆಸಂದುಗಳಂಥ ಸಣ್ಣ ಪಾತ್ರೆಗಳ ನೀರಿನಲ್ಲಿ ಹುಟ್ಟುತ್ತದೆ. ಹೆಚ್ಚು ದೂರ ಹಾರುವ ಜಾತಿಯಲ್ಲ. ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಸುಮಾರು 100 ಮೀಟರ್ ಒಳಗೇ ಬದುಕು ಮುಗಿಸುತ್ತದೆ. ಹಾಗಾಗಿ ಈಡಿಸ್ ಕಚ್ಚುತ್ತಿದ್ದರೆ ಮೂಲ ನಿಮ್ಮ ಹಿತ್ತಿಲಿನಲ್ಲೇ ಅಥವಾ ಬೇಲಿಯಾಚೆಯ ಒಂದೆರಡು ಮನೆಗಳಲ್ಲಿ ಇರುತ್ತದೆ.

ಕತ್ತಲಾದ ಮೇಲೆ ಕಿವಿಯ ಹತ್ತಿರ ಗುಂಯ್‌ಗುಡುತ್ತಾ ರಾತ್ರಿಯಿಡೀ ಕಾಡುವ ಕಂದು ಬಣ್ಣದ್ದು ಬಹುತೇಕ ಕ್ಯೂಲೆಕ್ಸ್. ಇದರದು ಕೊಳಕು ನೀರು: ಚರಂಡಿ, ಸೆಪ್ಟಿಕ್ ಟ್ಯಾಂಕ್, ಬಚ್ಚಲ ನೀರು ಬಿಟ್ಟ ಗುಂಡಿ. ಕಿಲೋಮೀಟರಿಗಿಂತ ದೂರದಿಂದಲೂ ಬರಬಲ್ಲದು. ಹಿತ್ತಿಲನ್ನು ಎಷ್ಟೇ ಒಣಗಿಸಿದರೂ ಹತ್ತಿರದ ತೆರೆದ ಚರಂಡಿಯಿಂದ ಬರುತ್ತಲೇ ಇರುತ್ತದೆ. ಆಗ ನಿಮ್ಮ ಕೈಯಲ್ಲಿರುವುದು ನೆರಳು ಮತ್ತು ಗಾಳಿಯ ಭಾಗ ಮಾತ್ರ.

ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುವ, ಗೋಡೆಯ ಮೇಲೆ ಹಿಂಭಾಗ ಎತ್ತಿ ಓರೆಯಾಗಿ ಕೂರುವ ಸೊಳ್ಳೆ ಅನಾಫಿಲಿಸ್. ಬಾವಿ, ಕೊಳ, ನೀರಿನ ತೊಟ್ಟಿ, ಜೊಂಡು ಬೆಳೆದ ನಿಂತ ನೀರನ್ನು ಮೊದಲು ನೋಡಿ.

ಕಚ್ಚುತ್ತಿರುವುದು ನಿಜಕ್ಕೂ ಸೊಳ್ಳೆಯೇ ಎಂಬುದನ್ನೂ ಖಚಿತ ಮಾಡಿಕೊಳ್ಳಿ. 1ರಿಂದ 3 ಮಿಲಿಮೀಟರ್ ಮಾತ್ರ ಇದ್ದು ಜಾಲರಿಯನ್ನೂ ತೂರಿಬರುವ, ಕಚ್ಚಿದ ಜಾಗ ಉರಿಯುವ ಸಣ್ಣ ನೊಣಗಳಿವೆ. ಅವು ಹುಟ್ಟುವುದು ಒದ್ದೆ ಮಣ್ಣು, ಸಗಣಿ, ಕೊಳೆತ ಎಲೆಯಲ್ಲಿ. ಅವಕ್ಕೆ ಕುಂಡದ ತಟ್ಟೆ ಒಣಗಿಸಿ ಪ್ರಯೋಜನವಿಲ್ಲ, ಕೊಳೆತ ರಾಶಿಯನ್ನೇ ತೆಗೆಯಬೇಕು. ದೀಪಕ್ಕೆ ಮುತ್ತುವ, ಸೊಳ್ಳೆಯಂತೆಯೇ ಕಾಣುವ, ಆದರೆ ಕಚ್ಚದೇ ಇರುವ ಕೀಟಗಳೂ ಇವೆ. ನೀರಿನ ತಳದಲ್ಲಿ ಕೆಂಪು ಹುಳು ಕಂಡರೆ ಅದು ಇವುಗಳ ಮರಿ, ಸೊಳ್ಳೆಯದಲ್ಲ.

ಮಗ್ ಹಿಡಿದು ನೀರಿನ ತಪಾಸಣೆ

ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು 7ರಿಂದ 10 ದಿನ ಬೇಕು. ಈ ಲೆಕ್ಕ ಇಡೀ ಕೆಲಸಕ್ಕೆ ಅಳತೆಗೋಲು. ಮಳೆ ನಿಂತ ಎರಡು ದಿನಕ್ಕೆ ಆರುವ ಹೊಂಡದಿಂದ ಸೊಳ್ಳೆ ಹಾರುವುದಿಲ್ಲ, ಅದರ ಹಿಂದೆ ಬಿದ್ದು ಬೆವರು ಸುರಿಸಬೇಕಾಗಿಲ್ಲ. ವಾರ ಕಳೆದರೂ ಆರದ ಅಂಗೈಯಗಲದ ನೀರು ಅದಕ್ಕಿಂತ ಅಪಾಯದ್ದು. ಬಾಟಲಿಯ ಮುಚ್ಚಳದಷ್ಟು ನೀರೂ ಈಡಿಸ್‌ಗೆ ಸಾಕಾಗುತ್ತದೆ.

ನೀರಿನ ಬಳಿ ಹೋಗುವಾಗ ನಿಮ್ಮ ನೆರಳು ಅದರ ಮೇಲೆ ಬೀಳದಂತೆ ನೋಡಿಕೊಳ್ಳಿ. ನೆರಳು ಸರಿದರೆ, ನೀರು ಅಲುಗಿದರೆ ಮರಿಗಳು ಕ್ಷಣದಲ್ಲಿ ತಳಕ್ಕಿಳಿಯುತ್ತವೆ, ನೀರು ಶುದ್ಧವಾಗಿದೆ ಎಂದುಕೊಂಡು ನೀವು ಮುಂದೆ ಹೋಗುತ್ತೀರಿ. ಬಿಳಿ ಮಗ್ಗನ್ನು ಸುಮಾರು 45 ಡಿಗ್ರಿ ಓರೆ ಮಾಡಿ, ಅಂಚು ಮಾತ್ರ ಮುಳುಗುವಂತೆ ಇಟ್ಟು, ಮೇಲ್ಪದರದ ನೀರು ತಾನಾಗಿ ಒಳಗೆ ಹರಿಯಲು ಬಿಡಿ. ಒಂದೇ ಕಡೆ ಮೊಗೆದು ನಿಲ್ಲಿಸಬೇಡಿ. ಅಂಚು, ಮೂಲೆ, ಹುಲ್ಲು ತಾಗುವ ಜಾಗ, ಹೀಗೆ ಐದಾರು ಕಡೆ ಮೊಗೆಯಿರಿ. ಮಗ್ಗನ್ನು ಎರಡು ನಿಮಿಷ ಅಲುಗಿಸದೆ ಇಟ್ಟು ಆಮೇಲೆ ನೋಡಿ.

ತಲೆಕೆಳಗಾಗಿ ನೀರಿನ ಮೇಲ್ಮೈಗೆ ತೂಗುಬಿದ್ದ ಮರಿಗಳಿಗೆ ಬಾಲದಲ್ಲಿ ಉಸಿರಾಟದ ಕೊಳವೆ ಇರುತ್ತದೆ. ಅದು ಗಿಡ್ಡ, ದಪ್ಪ ಇದ್ದರೆ ಈಡಿಸ್, ಉದ್ದ, ತೆಳ್ಳಗೆ ಇದ್ದರೆ ಕ್ಯೂಲೆಕ್ಸ್. ತೂಗದೆ ಮೇಲ್ಮೈಗೆ ಸಮವಾಗಿ ಮಲಗಿದ್ದರೆ ಅನಾಫಿಲಿಸ್. ಅಲ್ಪವಿರಾಮದ ಚಿಹ್ನೆಯಂತೆ ಬಾಗಿ, ಮುಟ್ಟಿದರೆ ಪಲ್ಟಿ ಹೊಡೆಯುವುದು ಪ್ಯೂಪಾ, ಮರಿ ಸೊಳ್ಳೆಯಾಗುವ ಮುಂಚಿನ ಹಂತ. ಇದು ಕಂಡರೆ ಇನ್ನು ಒಂದೆರಡು ದಿನದಲ್ಲಿ ಸೊಳ್ಳೆ ಹಾರುತ್ತದೆ ಎಂದರ್ಥ. ಪ್ಯೂಪಾ ಏನನ್ನೂ ತಿನ್ನುವುದಿಲ್ಲವಾದ್ದರಿಂದ ಮರಿಗಳು ತಿಂದು ಸಾಯುವ ಬಿಟಿಐಯಂಥ (ಒಂದು ಬ್ಯಾಕ್ಟೀರಿಯಾದಿಂದ ಮಾಡಿದ) ಔಷಧಿ ಅದಕ್ಕೆ ತಾಗುವುದಿಲ್ಲ. ಆ ನೀರನ್ನು ಅಂದೇ ಚೆಲ್ಲಬೇಕು, ಅದೂ ಒಣ ಮಣ್ಣಿನ ಮೇಲೆ. ಚರಂಡಿಗೆ ಸುರಿದರೆ ಸಾಕಣೆಯ ಜಾಗ ಬದಲಾಯಿಸಿದಂತಾಗುತ್ತದೆ, ಅಷ್ಟೇ.

ಚೆಲ್ಲಿದ ಮೇಲೆ ಪಾತ್ರೆಯ ಒಳಗೋಡೆಯನ್ನು ಗಟ್ಟಿ ಬ್ರಷ್‌ನಿಂದ ಉಜ್ಜುವುದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟದ ತುಸು ಮೇಲೆ, ತೇವದ ಗೋಡೆಗೆ ಅಂಟಿಸಿ. ಆ ಮೊಟ್ಟೆ ಒಣಗಿದರೂ ಸಾಯದೆ ತಿಂಗಳುಗಟ್ಟಲೆ ಉಳಿಯಬಲ್ಲದು. ಮುಂದಿನ ಮಳೆಗೆ ನೀರು ಏರಿ ತಾಗಿದ ಕೂಡಲೇ ಒಡೆಯುತ್ತದೆ. "ಪ್ರತಿ ವಾರ ನೀರು ಚೆಲ್ಲುತ್ತಿದ್ದೇವೆ, ಆದರೂ ಮೊದಲ ಮಳೆಗೇ ಸೊಳ್ಳೆ ಬಂತು" ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಉಜ್ಜದೆ ಬಿಟ್ಟ ಗೋಡೆ.

ನೀರೇ ಕಾಣುತ್ತಿಲ್ಲ, ಆದರೂ ಹಗಲು ಕಚ್ಚುತ್ತಿದೆ

ಹಗಲು ಕಚ್ಚುತ್ತಿದ್ದರೆ ಹತ್ತಿರದಲ್ಲೇ ನೀರಿದೆ, ಕಣ್ಣಿಗೆ ಬಿದ್ದಿಲ್ಲ. ಕೆಳಗಿನ ಜಾಗಗಳನ್ನು ಟಾರ್ಚ್ ಹಾಕಿ ನೋಡಿ.

ಸೂರಿನ ದೋಣಿ ಮತ್ತು ಅದರ ಇಳಿಪೈಪು. ದೋಣಿಗೆ ಮೀಟರಿಗೆ 3ರಿಂದ 5 ಮಿಲಿಮೀಟರ್ ವಾಟ, ಅಂದರೆ ಇಳಿಜಾರು, ಇರಬೇಕು. ನಡುವೆ ಒಂದು ಕೊಕ್ಕೆ ಸಡಿಲವಾದರೂ ಅಲ್ಲಿ ದೋಣಿ ಜೋತು ಎಲೆ, ಕೆಸರು, ನೀರು ಸೇರುತ್ತವೆ. ಏಣಿ ಹತ್ತದೆ ಪರೀಕ್ಷಿಸಬೇಕೆಂದರೆ ಮಳೆ ನಿಂತ ಮರುದಿನ ದೋಣಿಯ ಅಡಿಭಾಗ ನೋಡಿ. ಒಂದೇ ಜಾಗದಲ್ಲಿ ಹನಿಯುತ್ತಿದ್ದರೆ ಅದರ ಮೇಲೆಯೇ ನೀರು ನಿಂತಿದೆ. ಇಳಿಪೈಪಿನ ತುದಿಗೆ ಸಿಕ್ಕಿಸುವ ಸುಕ್ಕುಸುಕ್ಕಾದ ಮೆತುಪೈಪು ಇನ್ನೂ ದೊಡ್ಡ ತಲೆನೋವು. ಅದರ ಒಂದೊಂದು ಸುಕ್ಕಿನಲ್ಲೂ ಒಂದಿಷ್ಟು ನೀರು ಉಳಿಯುತ್ತದೆ, ಒಳಗೆ ಕತ್ತಲು, ಗಾಳಿಯಾಡುವುದಿಲ್ಲ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಅದನ್ನು ಕಿತ್ತು ನುಣುಪಾದ ಪಿವಿಸಿ ಪೈಪು ಹಾಕಿ, ಮೀಟರಿಗೆ ಕನಿಷ್ಠ 1 ಸೆಂಟಿಮೀಟರ್ ಇಳಿಯುವಂತೆ ಕೂರಿಸಿ.

ಅಂಗಳದ ನೀರು ಹಿಡಿಯುವ ಚೇಂಬರ್. ಕೆಸರು ತಳದಲ್ಲಿ ಉಳಿಯಲೆಂದು ಇದರ ಹೊರಪೈಪನ್ನು ತಳದಿಂದ ಸಾಕಷ್ಟು ಮೇಲೆ ಇಟ್ಟಿರುತ್ತಾರೆ. ಹಾಗಾಗಿ ಪೈಪಿನ ಮಟ್ಟದವರೆಗೆ ನೀರು ಸದಾ ಇದ್ದೇ ಇರುತ್ತದೆ. ಮಳೆನೀರು ಮಾತ್ರ ಬರುವ ಚೇಂಬರ್ ಆಗಿದ್ದರೆ ತಳದಲ್ಲಿ 10ರಿಂದ 12 ಮಿಲಿಮೀಟರಿನ ನಾಲ್ಕೈದು ತೂತು ಕೊರೆದು, ಅಡಿಯಲ್ಲಿ 15 ಸೆಂಟಿಮೀಟರ್ ಜಲ್ಲಿ ತುಂಬಿದರೆ ಉಳಿದ ನೀರು ಇಂಗಿಹೋಗುತ್ತದೆ. ನಲ್ಲಿ, ವಾಲ್ವ್, ಮೀಟರ್ ಇರುವ ಪೆಟ್ಟಿಗೆಗಳ ತಳಕ್ಕೂ ಇದೇ ಜಲ್ಲಿಯ ಪರಿಹಾರ.

ಟೊಳ್ಳು ಕಂಬಗಳು. ಬೇಲಿಯ ಕಬ್ಬಿಣದ ಪೈಪಿಗೆ ಮುಚ್ಚಳವಿಲ್ಲದಿದ್ದರೆ ಅದು ಕಣ್ಣೆತ್ತರಕ್ಕಿಂತ ಮೇಲಿರುವ ನೀರಿನ ಲೋಟ. ಮರಳು ತುಂಬಿ ಬಾಯಿಗೆ ಸಿಮೆಂಟ್ ಬಳಿಯಿರಿ. ಬಿದಿರನ್ನು ಗೆಣ್ಣಿನ ಮೇಲೆ ಎಲ್ಲೆಂದರಲ್ಲಿ ಕಡಿದರೆ ಉಳಿದ ತುಂಡೇ ಬಟ್ಟಲಾಗುತ್ತದೆ. ಗೆಣ್ಣಿಗೆ ಸರಿಯಾಗಿ ಕತ್ತರಿಸಿ.

ಎಲೆಸಂದುಗಳು. ಬ್ರೊಮಿಲಿಯಡ್, ಕೆಸು, ಕೇದಗೆ, ಬಾಳೆಯಂಥ ಗಿಡಗಳ ಎಲೆಯ ಬುಡ ನೀರು ಹಿಡಿಯುತ್ತದೆ. ಕೂರುವ ಜಾಗದ ಹತ್ತಿರ ಬ್ರೊಮಿಲಿಯಡ್ ಸಾಲು ಇದ್ದರೆ ಅದನ್ನು ಕುಂಡಕ್ಕೆ ವರ್ಗಾಯಿಸಿ ದೂರ ಇಡುವುದೇ ಮೇಲು. ಬಿಡಲು ಮನಸ್ಸಿಲ್ಲದಿದ್ದರೆ ವಾರಕ್ಕೊಮ್ಮೆ ಪೈಪಿನ ರಭಸದ ನೀರಿನಿಂದ ಬುಡ ತೊಳೆಯಬೇಕು. ಹಳೆಯ ನೀರು ಪೂರ್ತಿ ಹೊರಚೆಲ್ಲುವಂತೆ ತೊಳೆಯಿರಿ, ಸುಮ್ಮನೆ ಮೇಲಿನಿಂದ ನೀರು ಹಾಕಿದರೆ ಮರಿಗಳು ಅಲ್ಲೇ ಉಳಿಯುತ್ತವೆ.

ಮರದ ಪೊಟರೆ. ಕೊಂಬೆ ಮುರಿದ ಜಾಗದ ಗುಳಿಯನ್ನು ಮರಳಿನಿಂದ ಅಂಚಿನವರೆಗೂ ತುಂಬಿ. ನೀರು ಇಳಿಯಲೆಂದು ಕಾಂಡಕ್ಕೆ ತೂತು ಕೊರೆಯಬೇಡಿ, ಕೊಳೆ ರೋಗ ಒಳಗಿನ ಗಟ್ಟಿ ಮರಕ್ಕೂ ಹರಡುತ್ತದೆ. ಸಿಮೆಂಟ್ ತುಂಬುವುದೂ ತಪ್ಪು. ಗಾಳಿಗೆ ಮರ ತೂಗುವಾಗ ಗಟ್ಟಿ ಸಿಮೆಂಟ್ ಒಳಗಿನಿಂದ ಉಜ್ಜುತ್ತದೆ, ಸುತ್ತ ಬಿರುಕು ಬಿಟ್ಟು ಮತ್ತೆ ನೀರು ಸೇರುತ್ತದೆ.

ಹಾಸಿದ ಪ್ಲಾಸ್ಟಿಕ್. ಕಳೆ ಬಾರದಿರಲೆಂದು ಜಲ್ಲಿ ಅಥವಾ ಮರದ ಚಕ್ಕೆಯ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಅದರ ಮಡಿಕೆಗಳಲ್ಲಿ ನೀರು ನಿಲ್ಲುತ್ತದೆ. ನೀರು ಇಳಿಯಬಿಡುವ ನೇಯ್ದ ಬಟ್ಟೆಗೆ ಬದಲಾಯಿಸಿ. ಹೊಸದು ತರಲಾಗದಿದ್ದರೆ ಹಳೆಯ ಹಾಳೆಗೇ 20 ಸೆಂಟಿಮೀಟರಿಗೊಂದರಂತೆ ತೂತು ಹೊಡೆಯಿರಿ. ಸೌದೆ, ಸಾಮಾನಿನ ಮೇಲೆ ಹೊದಿಸಿದ ಟಾರ್ಪಾಲಿನ ಕತೆಯೂ ಇದೇ. ನಡುವೆ ಒಂದು ಗಳು ಎತ್ತಿ ಕಟ್ಟಿ ಎರಡೂ ಕಡೆ ಇಳಿಜಾರು ಕೊಟ್ಟರೆ ಮುಗಿಯಿತು.

ಕುಂಡದಡಿಯ ತಟ್ಟೆಗೆ ಅಂಚಿನವರೆಗೂ ದಪ್ಪ ಮರಳು ತುಂಬಿ. ಗಿಡಕ್ಕೆ ತೇವ ಸಿಗುತ್ತದೆ, ಮೊಟ್ಟೆ ಇಡಲು ತೆರೆದ ನೀರಿನ ಮೇಲ್ಮೈ ಸಿಗುವುದಿಲ್ಲ. ಅರ್ಧ ತುಂಬಿದರೆ ಉಪಯೋಗವಿಲ್ಲ, ಮರಳಿನ ಮೇಲೆ ನೀರು ನಿಲ್ಲುತ್ತದೆ. ತಿಂಗಳಿಗೊಮ್ಮೆ ಮರಳು ಕುಸಿದಿದೆಯೇ ನೋಡಿ ಮತ್ತೆ ತುಂಬಬೇಕು. ಉಯ್ಯಾಲೆಯ ಟೈರಿಗೆ ಕೆಳಭಾಗದಲ್ಲಿ 20 ಮಿಲಿಮೀಟರಿನ ಮೂರು ತೂತು. ಹಕ್ಕಿಗಳಿಗಿಟ್ಟ ನೀರನ್ನು ಮೂರು ನಾಲ್ಕು ದಿನಕ್ಕೊಮ್ಮೆ ಉಜ್ಜಿ ಬದಲಿಸಿ.

ಮಳೆನೀರು ಹಿಡಿಯುವ ಡ್ರಮ್ಮಿಗೆ ಬಲೆ ಕಟ್ಟಿದ್ದರೂ ಮರಿ ಕಾಣಿಸುವುದುಂಟು. ಕಾರಣ ಮೂರು: ಕಣ್ಣು 1.2 ಮಿಲಿಮೀಟರಿಗಿಂತ ದೊಡ್ಡದಾದ ಬಲೆ, ಬಲೆ ಇಲ್ಲದ ತುಂಬಿಹರಿವ ಪೈಪು, ಇಲ್ಲವೇ ನೀರು ಬಲೆಯನ್ನೇ ಮುಟ್ಟುವಷ್ಟು ಏರುವುದು. ಬಲೆಯ ಮೇಲೆ ಕೂತ ಸೊಳ್ಳೆಗೆ ಕೆಳಗಿನ ನೀರು ಸಿಕ್ಕರೆ ಅಲ್ಲೇ ಮೊಟ್ಟೆ ಇಡುತ್ತದೆ. ತುಂಬಿಹರಿವ ಪೈಪು ಬಲೆಗಿಂತ 5ರಿಂದ 10 ಸೆಂಟಿಮೀಟರ್ ಕೆಳಗಿರಲಿ, ಅದರ ಬಾಯಿಗೂ ಬಲೆ ಬಿಗಿಯಿರಿ.

ಇಷ್ಟೆಲ್ಲ ನೋಡಿಯೂ ಸಿಗದಿದ್ದರೆ ಸೊಳ್ಳೆಯನ್ನೇ ಕೇಳಬೇಕು. ಅರ್ಧ ಲೀಟರ್ ಹಿಡಿಯುವ ಮೂರು ನಾಲ್ಕು ಕಪ್ಪು ಡಬ್ಬಿಗಳಿಗೆ ಅರ್ಧದವರೆಗೆ ನೀರು ಹಾಕಿ, ಒರಟು ಮರದ ಪಟ್ಟಿಯೊಂದನ್ನು ಅರ್ಧ ಮುಳುಗುವಂತೆ ನಿಲ್ಲಿಸಿ, ಹಿತ್ತಿಲಿನ ಬೇರೆ ಬೇರೆ ಮೂಲೆಗಳಲ್ಲಿ ನೆರಳಿನಲ್ಲಿ ನೆಲದ ಮೇಲೆ ಇಡಿ. ಐದನೆಯ ದಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ನೀರಿನ ಗೆರೆಯ ಬಳಿ ನೋಡಿ. ಈಡಿಸ್ ಮೊಟ್ಟೆ ಇದ್ದರೆ ಅರ್ಧ ಮಿಲಿಮೀಟರಿಗಿಂತ ತುಸು ಉದ್ದದ ಕಪ್ಪು ಚುಕ್ಕೆಗಳು ಬಿಡಿಬಿಡಿಯಾಗಿ ಅಂಟಿರುತ್ತವೆ. ಯಾವ ಮೂಲೆಯ ಪಟ್ಟಿಯಲ್ಲಿ ಹೆಚ್ಚಿವೆಯೋ ಆ ಸುತ್ತಲೇ ಹುಡುಕಾಟ ಬಿಗಿಗೊಳಿಸಿ. ಬೇಲಿಗೆ ಹತ್ತಿದ ಡಬ್ಬಿಯಲ್ಲಿ ಮಾತ್ರ ಹೆಚ್ಚಿದ್ದರೆ ಆಚೆಮನೆಯವರೊಂದಿಗೆ ಮಾತಾಡುವ ಹೊತ್ತು ಬಂದಿದೆ, ಪಟ್ಟಿಯನ್ನೇ ತೋರಿಸಿದರೆ ವಾದಕ್ಕೆ ಎಡೆಯಿರುವುದಿಲ್ಲ. ಡಬ್ಬಿಗಳನ್ನು 7 ದಿನದೊಳಗೆ ತಪ್ಪದೆ ಖಾಲಿ ಮಾಡಿ, ಉಜ್ಜಿ, ಪಟ್ಟಿಗಳನ್ನು ಸುಟ್ಟುಬಿಡಿ. ಮರೆತರೆ ಪರೀಕ್ಷೆಯ ಡಬ್ಬಿಯಿಂದಲೇ ಸೊಳ್ಳೆ ಹಾರುತ್ತದೆ.

ನೆಲದಲ್ಲೇ ನೀರು ನಿಲ್ಲುತ್ತಿದೆ

ಮಳೆ ನಿಂತು ನಾಲ್ಕು ದಿನವಾದರೂ ಹೊಂಡ ಆರದಿದ್ದರೆ ಅಲ್ಲಿ ಕೆಲಸವಿದೆ. ಮೊದಲು ಆ ನೀರು ಮಳೆಯದ್ದೇ ಎಂದು ನೋಡಿ. ಮಳೆ ಇಲ್ಲದ ವಾರದಲ್ಲೂ ಒದ್ದೆ ಉಳಿದಿದ್ದರೆ ನಲ್ಲಿಯ ವಾಷರ್, ತೋಟದ ಪೈಪಿನ ಜೋಡಣೆ, ಎಸಿಯಿಂದ ಹನಿಯುವ ನೀರು ಅಥವಾ ನೆಲದಡಿಯ ಪೈಪಿನ ಸೋರಿಕೆ ಕಾರಣ. ಮನೆಯ ನಲ್ಲಿಗಳನ್ನೆಲ್ಲ ರಾತ್ರಿ ಮುಚ್ಚಿ, ನೀರಿನ ಮೀಟರ್ ಓದಿಟ್ಟುಕೊಂಡು ಬೆಳಿಗ್ಗೆ ಹೋಲಿಸಿದರೆ ಸೋರಿಕೆ ಇದೆಯೇ ಎಂದು ತಿಳಿಯುತ್ತದೆ.

ಮಳೆಯ ನೀರೇ ಆಗಿದ್ದರೆ ಎರಡು ಸಾಧ್ಯತೆ: ವಾಟ ತಪ್ಪಿದೆ, ಅಥವಾ ಮಣ್ಣು ಕುಡಿಯುತ್ತಿಲ್ಲ. ಮಣ್ಣಿನ ಪರೀಕ್ಷೆ ಸುಲಭ. 30 ಸೆಂಟಿಮೀಟರ್ ಅಗಲ, ಅಷ್ಟೇ ಆಳದ ಗುಂಡಿ ತೋಡಿ ಪೂರ್ತಿ ನೀರು ತುಂಬಿ. ಮೊದಲ ಸಲದ ನೀರು ಒಣ ಮಣ್ಣನ್ನು ನೆನೆಸಲು ಹೋಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಇಂಗಿದ ಮೇಲೆ ಮತ್ತೆ ತುಂಬಿ, ಒಂದು ಕೋಲು ನೆಟ್ಟು ಗುರುತು ಮಾಡಿ, ಗಂಟೆಗೊಮ್ಮೆ ಎಷ್ಟು ಇಳಿಯಿತು ಎಂದು ಅಳೆಯಿರಿ. ಗಂಟೆಗೆ 2.5 ಸೆಂಟಿಮೀಟರಿಗಿಂತ ಹೆಚ್ಚು ಇಳಿದರೆ ಮಣ್ಣು ಸರಿಯಿದೆ, ದೋಷ ವಾಟದಲ್ಲಿದೆ. 1.25ಕ್ಕಿಂತ ಕಡಿಮೆ ಇದ್ದರೆ ಅಲ್ಲಿ ಇಂಗಿಸುವ ಯೋಜನೆ ಬಿಟ್ಟು ನೀರನ್ನು ಬೇರೆಡೆ ಸಾಗಿಸಬೇಕು.

ವಾಟ ಸರಿಪಡಿಸುವುದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಹೆಚ್ಚು ಬಾಳುವ ಕೆಲಸ. ಎರಡು ಗೂಟ, ಒಂದು ದಾರ, ಒಂದು ರಸಮಟ್ಟ ಸಾಕು. ಮನೆಯ ಗೋಡೆಯಿಂದ ಹೊರಗೆ ಮೊದಲ 3 ಮೀಟರಿನಲ್ಲಿ 15 ಸೆಂಟಿಮೀಟರ್ ಇಳಿಯಬೇಕು. ಅದರಾಚೆ ಹುಲ್ಲುಹಾಸಿಗೆ ಮೀಟರಿಗೆ 2 ಸೆಂಟಿಮೀಟರ್ ಇದ್ದರೆ ನೀರು ನಿಲ್ಲುವುದಿಲ್ಲ. ತಗ್ಗು ತುಂಬಲು ಎಷ್ಟು ಮಣ್ಣು ಬೇಕೆಂದು ಮೊದಲೇ ಲೆಕ್ಕ ಹಾಕಿ: 3 ಮೀಟರ್ ಉದ್ದ, 2 ಮೀಟರ್ ಅಗಲ, ಸರಾಸರಿ 6 ಸೆಂಟಿಮೀಟರ್ ಆಳದ ತಗ್ಗಿಗೆ 0.36 ಘನ ಮೀಟರ್, ಅಂದರೆ 60 ಲೀಟರ್ ಹಿಡಿಯುವ ತಳ್ಳುಗಾಡಿಯಲ್ಲಿ ಆರು ಗಾಡಿ. ಮಣ್ಣು ಕೂತ ಮೇಲೆ ತಗ್ಗು ಮತ್ತೆ ಕಾಣಿಸಿಕೊಳ್ಳದಿರಲು ಏಳನೆಯ ಗಾಡಿ ಇರಲಿ. ಇರುವ ಹುಲ್ಲು ಉಳಿಸಬೇಕೆಂದರೆ ಒಂದು ಸಲಕ್ಕೆ 2 ಸೆಂಟಿಮೀಟರ್ ಮಾತ್ರ ಹರಡಿ, ಹುಲ್ಲು ಮೇಲೆ ಬಂದ ನಂತರ ಮುಂದಿನ ಪದರ ಹಾಕಿ.

ಜೇಡಿಮಣ್ಣು ನೀರು ಕುಡಿಯುತ್ತಿಲ್ಲವೆಂದು ಅದರ ಮೇಲೆ ಮರಳು ಸುರಿದು ಕಲಸುವುದು ಬಹಳ ಕಡೆ ಕಾಣುವ ತಪ್ಪು. ಜೇಡಿಯ ನಡುವೆ ಸ್ವಲ್ಪ ಮರಳು ಸೇರಿದರೆ ಒಣಗಿದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಬದಲಿಗೆ ಹಾರೆಯಿಂದ 15 ಸೆಂಟಿಮೀಟರಿಗೊಂದರಂತೆ 10ರಿಂದ 15 ಸೆಂಟಿಮೀಟರ್ ಆಳದ ತೂತು ಹಾಕಿ, ಮೇಲೆ 2 ಸೆಂಟಿಮೀಟರ್ ದಪ್ಪಕ್ಕೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಹರಡಿ ತೂತುಗಳಿಗೆ ಇಳಿಯುವಂತೆ ಗುಡಿಸಿ. ವರ್ಷಕ್ಕೆರಡು ಸಲ ಹೀಗೆ ಮಾಡುತ್ತಾ ಬಂದರೆ ಎರೆಹುಳುಗಳೇ ಉಳಿದ ಕೆಲಸ ನೋಡಿಕೊಳ್ಳುತ್ತವೆ.

ತುಂಬಲಾಗದ ಜಾಗಕ್ಕೆ ಜಲ್ಲಿ ತುಂಬಿದ ಕಾಲುವೆ ತೆಗೆಯಿರಿ. ಅಗೆಯುವ ಮೊದಲು ನೆಲದಡಿ ವಿದ್ಯುತ್ ತಂತಿ, ನೀರಿನ ಪೈಪು, ಗ್ಯಾಸ್ ಪೈಪು ಎಲ್ಲಿವೆ ಎಂದು ಖಚಿತಪಡಿಸಿಕೊಳ್ಳಿ. 30 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಆಳ, ಮೀಟರಿಗೆ 1 ಸೆಂಟಿಮೀಟರ್ ವಾಟ. 6 ಮೀಟರ್ ಉದ್ದದ ಕಾಲುವೆಗೆ ಸುಮಾರು 0.8 ಘನ ಮೀಟರ್ ಜಲ್ಲಿ ಬೇಕು, ಕಲ್ಲುಗಳ ಸಂದಿಯಲ್ಲಿ ಅಂದಾಜು 300 ಲೀಟರ್ ನೀರು ಹಿಡಿಯುತ್ತದೆ. ಕಾಲುವೆಗೆ ಮೊದಲು ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ತಳಕ್ಕೆ 5 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ 100 ಮಿಲಿಮೀಟರಿನ ತೂತುಪೈಪು, ಮತ್ತೆ 20ರಿಂದ 40 ಮಿಲಿಮೀಟರ್ ಜಲ್ಲಿ, ಕೊನೆಗೆ ಬಟ್ಟೆಯನ್ನು ಮೇಲೆ ಮಡಚಿ ಮುಚ್ಚಿ. ಪೈಪಿನ ತೂತು ಕೆಳಮುಖವಾಗಿರಲಿ. ಮೇಲ್ಮುಖ ಇಟ್ಟರೆ ಪೈಪು ಪೂರ್ತಿ ಮುಳುಗಿದ ಮೇಲಷ್ಟೇ ನೀರು ಒಳಗೆ ಹೋಗುತ್ತದೆ, ಕೆಳಗಿನ ನೀರು ಅಲ್ಲೇ ಉಳಿಯುತ್ತದೆ. ಕಾಲುವೆ ಗಿಡ್ಡವಾಗಿದ್ದು ನೀರು ಕಡಿಮೆಯಿದ್ದರೆ ಪೈಪು ಬಿಟ್ಟು ಬರೀ ಜಲ್ಲಿ ತುಂಬಿದರೂ ನಡೆಯುತ್ತದೆ. ಒಡೆದ ಇಟ್ಟಿಗೆ ಚೂರು ತಳಕ್ಕೆ ಆಗುತ್ತದೆ, ಪುಡಿ ಜರಡಿ ಹಿಡಿದು ತೆಗೆದಿರಬೇಕು. ಬಟ್ಟೆ ಮಾತ್ರ ಬಿಡಬೇಡಿ. ಬಟ್ಟೆಯಿಲ್ಲದ ಕಾಲುವೆಗೆ ಕೆಲವು ಮಳೆಗಾಲದಲ್ಲೇ ಸುತ್ತಲಿನ ಮಣ್ಣು ನುಗ್ಗಿ ಸಂದಿಗಳು ಮುಚ್ಚಿಹೋಗುತ್ತವೆ.

ಸೂರಿನ ನೀರು ಒಂದೇ ಕಡೆ ಬೀಳುತ್ತಿದ್ದರೆ ಮತ್ತು ಮಣ್ಣಿನ ಪರೀಕ್ಷೆ ತೃಪ್ತಿಕರವಾಗಿದ್ದರೆ ತಗ್ಗು ತೋಟ, ಅಂದರೆ ಮಳೆನೀರು ಸೇರಿ ಇಂಗುವ ತಗ್ಗಿನ ಗಿಡದ ಪಾತಿ, ಮಾಡಬಹುದು. 40 ಚದರ ಮೀಟರ್ ಸೂರಿನ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು. 15 ಸೆಂಟಿಮೀಟರ್ ಆಳದ ತಗ್ಗಾದರೆ ಸುಮಾರು 7 ಚದರ ಮೀಟರ್ ಜಾಗ ಬೇಕು. ಗಂಟೆಗೆ 1.25 ಸೆಂಟಿಮೀಟರ್ ಇಂಗುವ ಮಣ್ಣಿನಲ್ಲಿ ಇದು 12 ಗಂಟೆಯಲ್ಲಿ ಖಾಲಿ. ಮನೆಯ ಅಡಿಪಾಯದಿಂದ 3 ಮೀಟರ್ ದೂರವಿರಲಿ. ಆಳ ಹೆಚ್ಚಿಸಿ ಜಾಗ ಉಳಿಸುವ ಆಸೆ ಬೇಡ. 40 ಸೆಂಟಿಮೀಟರ್ ಆಳದ ಗುಂಡಿಯ ತಳಕ್ಕೆ ಕೆಸರು ಕೂತರೆ ನೀವೇ ತೋಡಿದ ಸೊಳ್ಳೆ ಹೊಂಡವಾಗುತ್ತದೆ. 48 ಗಂಟೆಯಾದರೂ ನೀರು ಕಾಣುತ್ತಿದ್ದರೆ ತಳದ ಕೆಸರು ಪದರವನ್ನು ಕೆರೆದು ತೆಗೆಯಬೇಕು.

ಸೆಪ್ಟಿಕ್ ಟ್ಯಾಂಕ್, ಬಚ್ಚಲ ನೀರಿನ ಗುಂಡಿ

ರಾತ್ರಿ ಕಾಟ ಹೆಚ್ಚಿದ್ದು ಹಿತ್ತಿಲಿನಲ್ಲಿ ಸೆಪ್ಟಿಕ್ ಟ್ಯಾಂಕ್ ಇದ್ದರೆ ಮುಸ್ಸಂಜೆಗೆ ಸ್ವಲ್ಪ ಮೊದಲು ಅದರ ಗಾಳಿಪೈಪಿನ ಬಾಯಿಗೆ ಬಿಳಿ ನೈಲಾನ್ ಬಟ್ಟೆಯ ಚೀಲ ಕಟ್ಟಿ, ಬೆಳಿಗ್ಗೆ ನೋಡಿ. ಚೀಲದ ಒಳಗೆ ಸೊಳ್ಳೆಗಳಿದ್ದರೆ ಮೂಲ ಸಿಕ್ಕಿತು. ಪೈಪಿಗೆ ನೈಲಾನ್ ಬಲೆ ಬಿಗಿದು, ಚಪ್ಪಡಿಯ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಬೇಕು. ಬೆರಳು ತೂರದ ಬಿರುಕಿನಲ್ಲೂ ಸೊಳ್ಳೆ ನುಸುಳುತ್ತದೆ. ಕಬ್ಬಿಣದ ಜಾಲರಿ ಬೇಡ, ಒಳಗಿನ ಅನಿಲಕ್ಕೆ ಬೇಗ ತುಕ್ಕು ಹಿಡಿದು ಉದುರುತ್ತದೆ. ಮುಚ್ಚಳ ತೆರೆದು ಒಳಗೆ ಇಣುಕಬೇಡಿ, ಇಳಿಯುವ ಮಾತಂತೂ ಬೇಡವೇ ಬೇಡ. ಆ ಅನಿಲ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ, ಪ್ರಾಣವನ್ನೂ ತೆಗೆಯುತ್ತದೆ.

ಮುಚ್ಚಿದ, ತುಂಬಿ ಹರಿಯದ ಬಚ್ಚಲ ಗುಂಡಿಗೆ ಥರ್ಮೋಕೋಲ್ ಮಣಿಗಳ ಪದರ ಒಳ್ಳೆಯ ಉಪಾಯ. ನೀರಿನ ಮೇಲೆ 1ರಿಂದ 2 ಸೆಂಟಿಮೀಟರ್ ದಪ್ಪಕ್ಕೆ ತೇಲಿದರೆ ಮರಿಗಳಿಗೆ ಉಸಿರಾಡಲು ಮೇಲ್ಮೈ ಸಿಗುವುದಿಲ್ಲ, ಹೆಣ್ಣು ಸೊಳ್ಳೆಗೆ ಮೊಟ್ಟೆ ಇಡಲು ನೀರು ತಾಗುವುದಿಲ್ಲ. ತೆರೆದ ಚರಂಡಿಗೆ ಹಾಕಬಾರದು, ಮಳೆಗೆ ಕೊಚ್ಚಿಕೊಂಡು ಹೋಗಿ ಬೇರೆ ಕಡೆ ಕಸವಾಗುತ್ತದೆ. ಹಳೆಯ ಎಂಜಿನ್ ಆಯಿಲ್ ಸುರಿಯುವ ಪದ್ಧತಿಯನ್ನು ಕೈಬಿಡಿ. ಅಂತರ್ಜಲಕ್ಕೆ ಇಳಿದರೆ ಅದನ್ನು ಮರಳಿ ತೆಗೆಯುವ ದಾರಿಯಿಲ್ಲ.

ಕೊಳದಲ್ಲಿ ಮೀನಿದೆ, ಪಂಪ್ ಇದೆ, ಆದರೂ ಮರಿ ಇದೆ

ಪಂಪ್ ನಡುವಿನ ನೀರನ್ನಷ್ಟೇ ಕದಲಿಸುತ್ತಿರುತ್ತದೆ. ಒಂದಿಷ್ಟು ಒಣ ಎಲೆ ಚೂರು ತೇಲಿಬಿಟ್ಟು ನೋಡಿ, ಅವು ಎಲ್ಲಿ ನಿಂತುಬಿಡುತ್ತವೆಯೋ ಅದೇ ಸೊಳ್ಳೆಯ ಮೂಲೆ. ಪಂಪಿನ ಬಾಯಿಯನ್ನು ಆ ಕಡೆಗೆ ತಿರುಗಿಸಿ. ಅಂಚಿನಲ್ಲಿ ಬೆರಳುದ್ದದ ಆಳಕ್ಕೆ ಜೊಂಡು ಬೆಳೆದಿದ್ದರೆ ಮೀನು ಒಳಗೆ ಹೋಗಲಾರದು. ಅಂಚನ್ನು ಕಡಿದಾಗಿ ಕತ್ತರಿಸಿ ಗಿಡಗಳನ್ನು ತೆಳುಗೊಳಿಸಿ. ಅಂತರಗಂಗೆ ಇದ್ದರೆ ಪೂರ್ತಿ ತೆಗೆಯಿರಿ. ಮ್ಯಾನ್ಸೋನಿಯಾ ಜಾತಿಯ ಮರಿಗಳು ಅದರ ಬೇರಿಗೆ ಕೊಳವೆ ಚುಚ್ಚಿ ಉಸಿರಾಡುತ್ತವೆ, ಮೇಲೆ ಬರುವುದೇ ಇಲ್ಲ, ಮಗ್ಗಿಗೂ ಸಿಗುವುದಿಲ್ಲ. ಗುಪ್ಪಿಯಂಥ ಮೀನನ್ನು ಕೊಳದಲ್ಲೇ ಇಟ್ಟುಕೊಳ್ಳಿ, ಹೊಳೆ ಕೆರೆಗೆ ಬಿಟ್ಟರೆ ಅಲ್ಲಿನ ಮೂಲ ಮೀನುಗಳಿಗೆ ಕುತ್ತು. ಮೀನು ಬಿಡಲಾಗದ ಸಣ್ಣ ತೊಟ್ಟಿಗೆ ಬಿಟಿಐ ಬಿಲ್ಲೆ ಹಾಕಬಹುದು, ಪ್ರಮಾಣ ಪೊಟ್ಟಣದ ಮೇಲಿರುವಷ್ಟೇ ಇರಲಿ. ಅದು ಕೆಲಸ ಮಾಡದಿದ್ದರೆ ತಳದ ಎಲೆಕೊಳೆ ತೆಗೆದು ನೋಡಿ. ತಿನ್ನಲು ಬೇರೆ ಸಾಕಷ್ಟಿದ್ದರೆ ಮರಿಗಳು ಔಷಧಿಯನ್ನು ಕಡಿಮೆ ನುಂಗುತ್ತವೆ, ಕಡು ಬಿಸಿಲೂ ಅದರ ಶಕ್ತಿ ಕುಂದಿಸುತ್ತದೆ.

ನೀರೂ ಇಲ್ಲ, ಮರಿಯೂ ಇಲ್ಲ, ಆದರೂ ಕಾಟ

ಈಗ ನೆರಳಿನ ಕಡೆ ತಿರುಗಿ. ಹಗಲಿನ ಬಿಸಿಲು, ಒಣಗಾಳಿ ಸೊಳ್ಳೆಯನ್ನು ಒಣಗಿಸಿ ಕೊಲ್ಲುತ್ತದೆ. ಹಾಗಾಗಿ ದಟ್ಟ ಪೊದೆಯ ಕೆಳಭಾಗ, ಗೋಡೆಗೆ ಹಬ್ಬಿದ ಬಳ್ಳಿ, ಸೌದೆ ರಾಶಿ, ಎತ್ತರದ ಹುಲ್ಲಿನಲ್ಲಿ ಅದು ಕೂತಿರುತ್ತದೆ. ನಡು ಮಧ್ಯಾಹ್ನ ಪೂರ್ಣ ತೋಳಿನ ಅಂಗಿ ತೊಟ್ಟು ಕೋಲಿನಿಂದ ಒಂದೊಂದೇ ಪೊದೆಯನ್ನು ಅಲುಗಿಸುತ್ತಾ ಹೋಗಿ. ಎಲ್ಲಿ ಸೊಳ್ಳೆ ಎದ್ದು ಮುತ್ತುತ್ತದೆಯೋ ಅಲ್ಲಿಗೆ ಕತ್ತರಿ ಹಾಕಿ. ಹಿತ್ತಿಲನ್ನೆಲ್ಲ ಬೋಳು ಮಾಡಬೇಕಾಗಿಲ್ಲ.

ಪೊದೆಯ ಕೆಳಗಿನ 30ರಿಂದ 45 ಸೆಂಟಿಮೀಟರ್ ಕೊಂಬೆಗಳನ್ನು ತೆಗೆದು ಬುಡಕ್ಕೆ ಬೆಳಕು ಬೀಳುವಂತೆ ಮಾಡಿ. ಒಳಗಿನ ಕೊಂಬೆಗಳಲ್ಲಿ ಮೂರಕ್ಕೆ ಒಂದನ್ನು ಬುಡದಿಂದಲೇ ತೆಗೆದರೆ ಗಾಳಿ ಹಾಯುತ್ತದೆ. ಮೇಲಿನಿಂದ ಮಟ್ಟ ಮಾಡಿ ಕತ್ತರಿಸಿದರೆ ಪೊದೆ ಇನ್ನಷ್ಟು ದಟ್ಟವಾಗಿ ಒಡೆಯುತ್ತದೆ, ಕಾಟವೂ ಹೆಚ್ಚುತ್ತದೆ. ಪೊದೆ ಮತ್ತು ಗೋಡೆಯ ನಡುವೆ ಎರಡು ಗೇಣಾದರೂ ಸಂದು ಇರಲಿ. ಹುಲ್ಲು 7ರಿಂದ 8 ಸೆಂಟಿಮೀಟರ್ ಮೀರದಿರಲಿ. ಸೌದೆಯನ್ನು ನೆಲದಿಂದ 15 ಸೆಂಟಿಮೀಟರ್ ಎತ್ತರಿಸಿ, ಕೂರುವ ಜಾಗದಿಂದ ದೂರ ಜೋಡಿಸಿ. ಗಿಡಗಳಿಗೆ ನೀರು ಬೆಳಿಗ್ಗೆ ಹಾಕಿ. ಸಂಜೆ ಹಾಕಿದ ನೀರು ಬುಡದ ತೇವವನ್ನು ಸೊಳ್ಳೆ ಏಳುವ ಹೊತ್ತಿಗೇ ಹೆಚ್ಚಿಸುತ್ತದೆ.

ಕೂರುವ ಜಾಗವನ್ನು ಬೇಲಿಯ ಮೂಲೆಯಿಂದ ಗಾಳಿ ಬೀಸುವ ಬಯಲಿಗೆ ಸ್ಥಳಾಂತರಿಸುವುದಕ್ಕೆ ಏನೂ ಖರ್ಚಿಲ್ಲ. ಗಾಳಿ ಇಲ್ಲದ ದಿನ ಸ್ಟ್ಯಾಂಡ್ ಫ್ಯಾನ್ ಇಡಿ, ಎದೆಯ ಮಟ್ಟಕ್ಕಲ್ಲ, ಮೊಣಕಾಲಿನ ಮಟ್ಟಕ್ಕೆ ಗಾಳಿ ಬೀಸುವಂತೆ. ಸೊಳ್ಳೆ ಬಲವಾಗಿ ಹಾರಲಾರದು, ಜತೆಗೆ ಅದು ಜಾಡು ಹಿಡಿಯುವ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಫ್ಯಾನು ಚದುರಿಸುತ್ತದೆ. ಹೊರಗಿನ ವಿದ್ಯುತ್ ಪಾಯಿಂಟಿಗೆ, ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಸ್ವಿಚ್ ಇರಲೇಬೇಕು.

ತುಳಸಿ, ಚೆಂಡುಹೂ, ನಿಂಬೆಹುಲ್ಲು ನೆಟ್ಟರೆ ಸೊಳ್ಳೆ ಹತ್ತಿರ ಬರುವುದಿಲ್ಲವೇ? ನೆಟ್ಟು ನಿಲ್ಲಿಸಿದ ಗಿಡದಿಂದ ಆ ಕೆಲಸ ಆಗುವುದಿಲ್ಲ. ಎಲೆಯ ಎಣ್ಣೆ ಹೊರಬರಲು ಎಲೆ ಅರೆಯಬೇಕು, ಅರೆದರೂ ಬೇಗ ಆರಿಹೋಗುತ್ತದೆ. ಚಂದಕ್ಕೆ, ಅಡುಗೆಗೆ ನೆಡಿ. ದಟ್ಟವಾಗಿ ಬೆಳೆಸಿದ ನಿಂಬೆಹುಲ್ಲಿನ ಮೆಳೆ ಸೊಳ್ಳೆಗೆ ಹಗಲಿನ ಮನೆಯೂ ಆಗಬಲ್ಲದು. ನೀಲಿ ಬೆಳಕಿನ ವಿದ್ಯುತ್ ಬಲೆಯಲ್ಲಿ ಸಾಯುವುದು ಬಹುಪಾಲು ಕಚ್ಚದ ಕೀಟಗಳು. ಶ್ರವಣಾತೀತ ಸದ್ದಿನ ಉಪಕರಣಗಳಿಗೆ ಸೊಳ್ಳೆ ಓಡುವುದಿಲ್ಲ. ಹೊಗೆ ಹೊಡೆಸಿದರೆ ಆ ಹೊತ್ತಿನಲ್ಲಿ ಹಾರುತ್ತಿರುವ ಸೊಳ್ಳೆ ಸಾಯುತ್ತದೆ, ನೀರಿನ ಮರಿಗೆ ಏನೂ ಆಗುವುದಿಲ್ಲ.

ಸರಿಯಾಯಿತೇ ಎಂದು ಅಳೆಯುವುದು

ಕೆಲಸ ಶುರುಮಾಡುವ ಮೊದಲೇ ಒಂದು ಲೆಕ್ಕ ಬರೆದಿಡಿ. ಕಚ್ಚುವ ಹೊತ್ತಿನಲ್ಲಿ ಕಪ್ಪು ದಪ್ಪ ಪ್ಯಾಂಟ್ ತೊಟ್ಟು ಮೈ ಮುಚ್ಚಿಕೊಂಡು ಒಂದೇ ಜಾಗದಲ್ಲಿ 10 ನಿಮಿಷ ಕೂತು, ಮೊಣಕಾಲಿನ ಕೆಳಗೆ ಬಂದು ಕೂರುವ ಸೊಳ್ಳೆಗಳನ್ನು ಎಣಿಸಿ. ವಾರಕ್ಕೊಮ್ಮೆ ಅದೇ ಜಾಗ, ಅದೇ ಹೊತ್ತು, ಅದೇ ಬಟ್ಟೆ. ಗಾಳಿ ಜೋರಿದ್ದ ದಿನದ ಎಣಿಕೆಯನ್ನು ಬಿಡಿ.

ಮೊದಲ ವಾರ ಇಳಿಕೆ ಕಾಣದಿದ್ದರೆ ಗಾಬರಿ ಬೇಡ. ಆಗಲೇ ಹಾರಿದ ಹೆಣ್ಣು ಸೊಳ್ಳೆ ಎರಡು ಮೂರು ವಾರ ಬದುಕುತ್ತದೆ. ಮೂರನೆಯ ವಾರಕ್ಕೆ ಎಣಿಕೆ ಅರ್ಧಕ್ಕಾದರೂ ಇಳಿಯದಿದ್ದರೆ ಹುಟ್ಟುವ ಜಾಗವೊಂದು ಇನ್ನೂ ಉಳಿದಿದೆ. ಕಪ್ಪು ಡಬ್ಬಿಗಳನ್ನು ಮತ್ತೆ ಇಟ್ಟು ನೋಡಿ. ಇಳಿದ ಎಣಿಕೆ ಮಳೆಯಾದ ಎಂಟು ಹತ್ತು ದಿನಕ್ಕೆ ಸರಿಯಾಗಿ ಏರಿದರೆ ಉಜ್ಜದ ಪಾತ್ರೆ, ಸೂರಿನ ದೋಣಿ, ಮರದ ಪೊಟರೆ ಈ ಮೂರನ್ನು ಮೊದಲು ನೋಡಿ. ಮಳೆಗೂ ಏರಿಕೆಗೂ ಸಂಬಂಧವೇ ಕಾಣದಿದ್ದರೆ ದಿನವೂ ಮನೆಯಿಂದಲೇ ಹೋಗುವ ನೀರನ್ನು ಹಿಂಬಾಲಿಸಿ: ಬಚ್ಚಲು, ಪಾತ್ರೆ ತೊಳೆಯುವ ಜಾಗ, ಎಸಿ, ಸೆಪ್ಟಿಕ್. ಹಗಲಿನ ಕಾಟ ನಿಂತು ರಾತ್ರಿಯದು ಮಾತ್ರ ಉಳಿದಿದ್ದು, ಸೆಪ್ಟಿಕ್ ಚೀಲದ ಪರೀಕ್ಷೆಯಲ್ಲೂ ಏನೂ ಸಿಗದಿದ್ದರೆ ಮೂಲ ಬೇಲಿಯಾಚೆ ಇದೆ. ಆ ಚರಂಡಿಯ ಜಾಗ, ಮಗ್ಗಿನಲ್ಲಿ ಸಿಕ್ಕ ಮರಿಗಳ ಫೋಟೊ, ವಾರವಾರದ ಎಣಿಕೆ ಇವನ್ನು ಜೋಡಿಸಿ ಸ್ಥಳೀಯ ಆರೋಗ್ಯ ಸಿಬ್ಬಂದಿಗೆ ಕೊಡಿ. ಬರೀ "ಸೊಳ್ಳೆ ಜಾಸ್ತಿ" ಎಂಬ ದೂರಿಗಿಂತ ಅವರು ನೇರವಾಗಿ ಕೆಲಸಕ್ಕಿಳಿಯಲು ಇದು ನೆರವಾಗುತ್ತದೆ.